ಎಲೆಯ ಮೇಲೆ ನಡೆಯುವ ಹಕ್ಕಿ

ಇವತ್ತು ಬೆಳಿಗ್ಗೆ ಕೊಟ್ಟೂರಿನಿಂದ ತವರಿಗೆ ಹೋಗುವಾಗ ನಮ್ಮೂರ ಕೆರೆಯಲ್ಲಿ ಉದ್ದ ಬೆರಳುಗಳ ಹಕ್ಕಿಯೊಂದು ತಾವರೆ ಎಲೆಗಳ ಮೇಲೆ ನಡೆಯುತ್ತಿತ್ತು. ಸ್ಕೂಟಿ ನಿಲ್ಲಿಸಿದವಳು ಏರಿಯ ಮೇಲೆ ಕುಳಿತೇಬಿಟ್ಟೆ.

ನಾನು ಚಿಕ್ಕವಳಿದ್ದಾಗ ಕುರಿ ಮೇಯಿಸುತ್ತಿದ್ದ ಅಪ್ಪ ಇದೇ ಏರಿಯ ಮೇಲೆ ಕಂಬಳಿ ಹಾಸಿ ಕೂತು ಕೊಕ್ಕರೆಗಳನ್ನು ತೋರಿಸುತ್ತಿದ್ದ. "ಹಕ್ಕಿ ನಿಂತಲ್ಲಿ ನೀರು ಮೊಣಕಾಲಿಗೂ ಬರಂಗಿಲ್ಲ. ಅದರಾಚಿ ಹೋಗಬ್ಯಾಡ್ರಿ" ಎನ್ನುತ್ತಿದ್ದ. ನಾನೂ ಪಕ್ಕದ ಮನೆಯ ಗಂಗಿಯೂ ಆ ಮಾತು ನಂಬಿಯೇ ನೀರಿಗಿಳಿಯುತ್ತಿದ್ದೆವು.

ಒಂದು ಮಧ್ಯಾಹ್ನ ಗಂಗಿಗೆ ತಾವರೆ ಹೂವು ಬೇಕೆನಿಸಿತು. "ಅಲ್ಲಿ ಆಳ ಐತೇನಲೇ?" ಎಂದು ಕೇಳಿದಳು.

"ಹಕ್ಕಿ ನಿಂತೈತಿ ನೋಡು, ಹೋಗು" ಎಂದೆ.

ಅದು ಎಲೆಯ ಮೇಲೆ ನಡೆಯುವ ಜಾತಿಯ ಹಕ್ಕಿ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕೂಗು ಕೇಳಿ ಅಪ್ಪ ಓಡಿಬಂದು ಗಂಗಿಯನ್ನು ಮೇಲೆತ್ತುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

"ಅಷ್ಟು ದೂರ ಯಾಕ ಹೋದ್ಲವ್ವಾ?" ಎಂದು ಅಪ್ಪ ಕೇಳಿದ.

"ಗೊತ್ತಿಲ್ಲಪ್ಪ" ಎಂದೆ.

ಗಂಗಿಯ ಅವ್ವ ಇವತ್ತೂ ನನ್ನ ಕೈ ಹಿಡಿದು ಒಳಗೆ ಕರೆದರು. "ನೀ ಬಂದ್ರ ನನ್ನ ಮಗಳು ಬಂದಂಗಾಗ್ತೈತಿ" ಎಂದು ರೊಟ್ಟಿ ಬಡಿಸಿದರು. ಹೇಳಬೇಕೆಂದೇ ಹೋಗಿದ್ದೆ. ಉಂಡು ಎದ್ದು ಬಂದೆ.