ಎಲ್ಲರಿಗೂ ಬಡಿಸಿದ ಮೇಲೆ

ಎಂಬತ್ತರ ದಶಕದಲ್ಲಿ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದೆವು. ಹೆಂಡತಿ ಎರಡನೆಯ ಹೆರಿಗೆಗೆಂದು ತವರಿಗೆ ಹೋದಾಗ ಮನೆ ನೋಡಿಕೊಳ್ಳಲು ನಮ್ಮಮ್ಮ ಕೆಂಗೇರಿಯಿಂದ ಬಂದಳು. ಐದು ವರ್ಷದ ಮಗಳಿಗೆ ಊಟದ ಶಿಸ್ತು ಕಲಿಸುವ ಹುಮ್ಮಸ್ಸು ಆಗ ನನಗೆ ವಿಪರೀತ. ತಟ್ಟೆಯಲ್ಲಿ ಅನ್ನ ಬಿಡಬಾರದು, ಎಲ್ಲರಿಗೂ ಬಡಿಸುವ ತನಕ ಕೈ ಹಾಕಬಾರದು ಎಂದು ದಿನವೂ ಹೇಳುತ್ತಿದ್ದೆ.

ಒಂದು ಭಾನುವಾರ ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ನಾನು ಅರ್ಧ ಮುದ್ದೆ ಮುಗಿಸಿದರೂ ಮಗಳು ಕೈಕಟ್ಟಿ ಕೂತೇ ಇದ್ದಳು.

"ತಿನ್ನೇ, ಆರೋಗುತ್ತೆ" ಎಂದು ಗದರಿದೆ.

"ಅಜ್ಜಿಗೆ ಇನ್ನೂ ಬಡಿಸಿಲ್ವಲ್ಲಪ್ಪ" ಅಂದಳು.

ಅಮ್ಮ ಯಾವಾಗ ಉಣ್ಣುತ್ತಾಳೆಂದು ನಾನು ಒಮ್ಮೆಯೂ ನೋಡಿರಲಿಲ್ಲ. ಎದ್ದು ತಟ್ಟೆ ತಂದು, ಬೇಡವೆಂದರೂ ಬಿಡದೆ ಅವಳನ್ನು ಪಕ್ಕದಲ್ಲಿ ಕೂರಿಸಿ ಬಡಿಸಿದೆ. ಮುದ್ದೆ ಮುರಿಯಹೋದ ಅಮ್ಮ ಥಟ್ಟನೆ ಬೆರಳು ಹಿಂದಕ್ಕೆಳೆದುಕೊಂಡು ಸಂಕೋಚದಿಂದ ನಕ್ಕಳು.

"ಬಿಸೀದು ತಿಂದು ಅಭ್ಯಾಸ ತಪ್ಪೋಗಿದೆ ಕಣಪ್ಪ. ನೀವು ಉಣ್ಣಿ, ನಂದು ಆರ್ಲಿ."

ಮಗಳು ಬಗ್ಗಿ ಅಜ್ಜಿಯ ತಟ್ಟೆಗೆ ಊದತೊಡಗಿದಳು. ನಾನು ತಲೆ ಎತ್ತಲಿಲ್ಲ. ಆಮೇಲೆ ಅಮ್ಮ ಇದ್ದಷ್ಟು ದಿನವೂ ಮೂವರೂ ಒಟ್ಟಿಗೆ ಕೂತು ಉಂಡೆವು. ಮಗಳಿಗೆ ಊಟದ ನೀತಿ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ.