ಪಕ್ಕದ ಸೀಟಿನ ಬೆಲ್ಟ್

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಗಾಡಿಯ ಕಥೆ ಹೇಳಲು ಬಂದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಫ್ಯೂಸ್ ನೋಡಿದ್ರಾ?" ತಾನಾಗಿ ಹಾರ್ನ್ ಹೊಡೆಯುವ ಕಾರು, ಕೀ ತೆಗೆದರೂ ಉರಿಯುವ ಲೈಟು, ನಿಂಬೆಹಣ್ಣು ಕಟ್ಟಿದ ಮೇಲಷ್ಟೇ ಸ್ಟಾರ್ಟ್ ಆಗುವ ವ್ಯಾನು, ಎಲ್ಲವನ್ನೂ ಬಿಚ್ಚಿ ನೋಡಿದವನು ನಾನು. ಒಳಗೆ ಸಿಕ್ಕಿದ್ದು ಇಲಿ ಕಡಿದ ವೈರು, ನೀರು ಹೊಕ್ಕ ಕನೆಕ್ಟರ್, ಅಷ್ಟೇ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿದ್ದೇನೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬಬೇಕೆಂಬ ಹಟ ನನಗಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಓದಿ ನಿಮಗೇನಾದರೂ ಹೊಳೆದರೆ ಒಳ್ಳೆಯದೇ.

ಅಪಘಾತವಾದ ಕಾರುಗಳ ಏರ್‌ಬ್ಯಾಗ್ ಕೆಲಸ ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತದೆ. ಬೇರೆಯವರು ಅದನ್ನು ಮುಟ್ಟಲು ಹೆದರುತ್ತಾರೆ, ಹೆದರಬೇಕಾದ್ದೇ. ಬಿಚ್ಚಿಕೊಳ್ಳದೆ ಉಳಿದ ಏರ್‌ಬ್ಯಾಗ್ ಎಂದರೆ ಸಿಡಿಮದ್ದು ತುಂಬಿದ ಡಬ್ಬಿ, ಮುಖದ ಮುಂದೆ ಹಿಡಿದು ನೋಡುವ ವಸ್ತುವಲ್ಲ. ನನ್ನ ಜೊತೆ ಕೆಲಸ ಮಾಡುವ ಸೆಲ್ವಂ ಭದ್ರಾವತಿಯ ಪೇಪರ್ ಟೌನಿನವರು, ನನಗಿಂತ ಐದು ವರ್ಷ ದೊಡ್ಡವರು. ಅವರದೊಂದು ಕಟ್ಟುನಿಟ್ಟು. ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಕೀ ಮೇಜಿನ ಮೇಲಿರಬೇಕು, ಎಲ್ಲರೂ ಗಾಡಿಯಿಂದ ಹೊರಗೆ ಬರಬೇಕು. ಆಮೇಲೆ ಟೀ ಕುಡಿದು, ಲೋಟ ತೊಳೆದಿಟ್ಟು ಬರುವವರೆಗೆ ಏರ್‌ಬ್ಯಾಗಿನ ಹಳದಿ ವೈರುಗಳ ಹತ್ತಿರ ಯಾರೂ ಕೈ ಹಾಕುವಂತಿಲ್ಲ. ಬ್ಯಾಟರಿ ತೆಗೆದರೂ ಏರ್‌ಬ್ಯಾಗಿನ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ, ಅದು ಇಳಿಯಬೇಕು. ಟೀ ಬೇಡದ ದಿನವೂ ಸೆಲ್ವಂ ಕುಡಿಸುತ್ತಿದ್ದರು.

ಮೂರು ವರ್ಷದ ಹಿಂದೆ, ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಬಿಟ್ಟಿದ್ದ ಕಾಲ. ಗಿರಿಜಾ ಮೇಡಂ ಅವರ ಕಾರನ್ನು ಎಳೆದು ತಂದು ನಮ್ಮ ಶೆಡ್ಡಿನ ಮುಂದೆ ಬಿಟ್ಟರು. ಮೇಡಂ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್, ಮನೆ ಶಿವಮೊಗ್ಗದಲ್ಲಿ. ದಿನಾ ಕಾರಿನಲ್ಲೇ ಓಡಾಟ. ಸಂಜೆ ಮನೆಗೆ ಬರುವಾಗ ನಿದಿಗೆಯ ಹತ್ತಿರ, ನಾಲೆಯ ಸೇತುವೆಯ ಕಟ್ಟೆಗೆ ಗುದ್ದಿದ್ದರು. ಎರಡು ಏರ್‌ಬ್ಯಾಗೂ ಬಿಚ್ಚಿಕೊಂಡು ಜೋತು ಬಿದ್ದಿದ್ದವು. ಅವರಿಗೆ ಎಡಗೈ ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ಜೀವ ಉಳಿದಿತ್ತು.

ಎಂದಿನಂತೆ ಬ್ಯಾಟರಿ ಬಿಚ್ಚಿ, ಟೀ ಕುಡಿದು ಬಂದು ನಾನು ಬೆಲ್ಟುಗಳನ್ನು ನೋಡತೊಡಗಿದೆ. ಏರ್‌ಬ್ಯಾಗ್ ನೋಡಿದಷ್ಟೇ ಎಚ್ಚರದಿಂದ ಬೆಲ್ಟನ್ನೂ ನೋಡಬೇಕು. ಗುದ್ದಿದ ಕ್ಷಣ ಅದು ಜಗ್ಗಿ ಹಿಡಿದು, ಇದ್ದ ಅಳತೆಯಲ್ಲೇ ಬಿಗಿದುಕೊಂಡುಬಿಡುತ್ತದೆ, ಮತ್ತೆ ಒಳಗೆ ಸುತ್ತಿಕೊಳ್ಳುವುದಿಲ್ಲ. ಯಾರೂ ಹಾಕಿಕೊಳ್ಳದ ಬೆಲ್ಟಾದರೆ ಬಾಗಿಲ ಪಕ್ಕದ ಕಂಬಕ್ಕೆ ಅಂಟಿಕೊಂಡೇ ಇರುತ್ತದೆ. ಈ ಕಾರಿನಲ್ಲಿ ಡ್ರೈವರ್ ಬೆಲ್ಟೂ ಹೊರಗೆ ಜೋತಿತ್ತು, ಪಕ್ಕದ ಸೀಟಿನ ಬೆಲ್ಟೂ ಜೋತಿತ್ತು. ಎರಡರಲ್ಲೂ ಭುಜದ ಮೇಲೆ ಬೆಲ್ಟ್ ಹಾದುಬರುವ ಬಳೆಯ ಹತ್ತಿರ ಪಟ್ಟಿ ಉಜ್ಜಿ, ಕರಗಿ ಹೊಳೆಯುವ ಗುರುತು. ಒಂದು ಮೈಯ ಭಾರ ಬೀಳದೆ ಆ ಗುರುತು ಆಗುವುದಿಲ್ಲ. ನಾನು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದು ನೋಡಿದೆ. ಹೊಟ್ಟೆಗೆ ನಾಲ್ಕು ಬೆರಳು ಸಾಲಲಿಲ್ಲ. ಯಾರೋ ಸಣ್ಣ ಮೈಯವರು ಅಂದುಕೊಂಡೆ. ಇದರಲ್ಲಿ ವಿಚಿತ್ರವೇನೂ ನನಗೆ ಕಾಣಲಿಲ್ಲ.

ಆಮೇಲೆ ನಾನು ಮಾಡಿದ್ದು ಬರೀ ಮರ್ಯಾದೆಯ ಕೆಲಸ. ಆರ್.ಸಿ. ಪ್ರತಿ ಬೇಕೆಂದು ಮೇಡಂಗೆ ಫೋನ್ ಮಾಡಿದವನು, "ಕೈ ಹೇಗಿದೆ ಮೇಡಂ? ಪಕ್ಕದಲ್ಲಿ ಕೂತಿದ್ದೋರು ಹುಷಾರಾಗಿದ್ದಾರಾ?" ಎಂದು ವಿಚಾರಿಸಿದೆ.

"ಯಾರು?" ಎಂದರು ಅವರು. "ನಾನೊಬ್ಬಳೇ ಇದ್ದಿದ್ದು."

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ದೊಡ್ಡ ತಜ್ಞನ ಹಾಗೆ, "ಇಲ್ಲ ಮೇಡಂ, ಬೆಲ್ಟ್ ಹಾಕ್ಕೊಂಡಿದ್ದಾರಲ್ಲ" ಎಂದೆ.

ಸಂಜೆಗೇ ಅವರ ಯಜಮಾನರು ಲೋಕೇಶಪ್ಪ ಗ್ಯಾರೇಜಿಗೆ ಬಂದರು. ಜಗಳಕ್ಕೆ ಬಂದವರ ಮುಖವಿತ್ತು. "ಏನ್ ಹೇಳಿದ್ರಿ ಮಾರಾಯ್ರೆ ನೀವು? ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ ಅವಳು" ಎಂದರು. ಆಗ ನನಗೆ ವಿಷಯ ಗೊತ್ತಾಯಿತು. ಮೇಡಂ ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವವರು. ಬಸ್ ತಪ್ಪಿದ ನರ್ಸ್‌ಗಳು, ಪೇಟೆಗೆ ಹೊರಟ ಅಜ್ಜಿಯರು, ಯಾರಾದರೂ ಸರಿ, ಹೆಸರು ಕೂಡ ಕೇಳುತ್ತಿರಲಿಲ್ಲವಂತೆ. ಅಂದು ಶಾಲೆಯ ಗೇಟು ದಾಟಿದ್ದು ಅವರಿಗೆ ನೆನಪಿದೆ. ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ನಡುವಿನದೆಲ್ಲ ಅಳಿಸಿಹೋಗಿದೆ. ಒಬ್ಬಳೇ ಇದ್ದೆ ಎಂದು ಪೊಲೀಸರಿಗೆ ಹೇಳಿದ್ದು ಬರೀ ಅಭ್ಯಾಸಬಲದಿಂದ.

ಮರುದಿನ ಮೇಡಂ ಖುದ್ದು ಬಂದರು. ಕೈಗೆ ಪ್ಲಾಸ್ಟರ್, ಹಣೆಗೆ ಪಟ್ಟಿ. ಗಂಡ ಬೇಡ ಬೇಡ ಎನ್ನುತ್ತ ಹಿಂದೆಯೇ ಇದ್ದರು. ಮೇಡಂ ಬೆಲ್ಟಿನ ಗುರುತನ್ನು ಬೆರಳಿಂದ ಮುಟ್ಟಿ ನೋಡಿದರು, ಟೇಪು ತರಿಸಿ ನನ್ನಿಂದ ಉದ್ದ ಅಳೆಸಿದರು. ಅಲ್ಲಿ ಚೀಲ ಇಟ್ಟು ಬೆಲ್ಟ್ ಹಾಕಿದ್ದಿರಬಹುದಲ್ಲ ಎಂದು ನಾನೇ ದಾರಿ ತೋರಿಸಿದೆ. ಸೀಟಿನ ಮೇಲೆ ಭಾರವಿದ್ದು ಬೆಲ್ಟ್ ಹಾಕದಿದ್ದರೆ ಕೂಗುವ ಬಜರಿನ ಬಾಯಿ ಮುಚ್ಚಿಸಲು ನಮ್ಮ ಜನ ಮಾಡುವುದೇ ಅದು. ಆದರೆ ಅವರ ನೋಟ್‌ಬುಕ್ಕಿನ ಚೀಲ ಹಿಂದಿನ ಸೀಟಿನ ಕಾಲಡಿ ಸಿಕ್ಕಿತ್ತು. ಮುಂದೆ ಇದ್ದ ಚೀಲ ಗುದ್ದಿದಾಗ ಹಿಂದಕ್ಕೆ ಹೋಗುತ್ತದೆಯೇ ಎಂದು ಅವರು ಕೇಳಿದರು. ಗಣಿತದ ಟೀಚರಿಗೆ ನಾನೇನು ಸುಳ್ಳು ಹೇಳಲಿ? ಆಮೇಲೆ ಎತ್ತಿ ಹಿಂದೆ ಇಟ್ಟವರು ಯಾರಾದರೂ ಇರಬಹುದು ಎಂದೆ.

"ಯಾರನ್ನೋ ಹತ್ತಿಸ್ಕೊಂಡು ಬಂದು ನಾಲೆಗೆ ಹಾಕಿಬಿಟ್ನಾ ನಾನು?" ಎಂದರು ಮೇಡಂ. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ಮಾತು ನನ್ನನ್ನೂ ಹಿಡಿದುಕೊಂಡಿತು. ಗುದ್ದಿದ ರಭಸಕ್ಕೆ ತಲೆ ತಿರುಗಿ, ಬೆಲ್ಟ್ ಬಿಚ್ಚಿಕೊಂಡು ಇಳಿದು, ನಾಲ್ಕು ಹೆಜ್ಜೆ ತೂರಾಡಿ ನೀರಿಗೆ ಬಿದ್ದವರು ಇರಬಹುದಲ್ಲ. ನಾನೂ ಸೆಲ್ವಂ ಅವರೂ ಅಪಘಾತವಾದ ಜಾಗಕ್ಕೆ ಹೋದೆವು. ಸೇತುವೆಯ ಹತ್ತಿರ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಸಾಹೇಬರೊಬ್ಬರು ಮೇಡಂ ಅವರನ್ನು ಹೊರಗೆ ಎಳೆದವರು. "ಒಬ್ರೇ ಇದ್ದಿದ್ದು ಸಾರ್. ಆ ಕಡೆ ಬೆಲ್ಟ್ ನಾನು ಮುಟ್ಟೇ ಇಲ್ಲ" ಎಂದರು. ಹೆಣವೇನಾದರೂ ಬಂದು ಸಿಕ್ಕಿಕೊಂಡಿತ್ತೇ ಎಂದು ನಾಲೆಯ ಗೇಟುಗಳಲ್ಲಿ ಕೇಳಿದೆವು, ಇಲ್ಲವೆಂದರು. ಲೋಕೇಶಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಎರಡೂ ಊರಿನ ಪೊಲೀಸ್ ಠಾಣೆಗಳಲ್ಲಿ ವಿಚಾರಿಸಿದರು. ಕಾಣೆಯಾದವರು ಯಾರೂ ಇರಲಿಲ್ಲ. ಮೇಡಂ ಪ್ಲಾಸ್ಟರ್ ಕೈಯಲ್ಲೇ ಭದ್ರಾವತಿಯ ಬಸ್ ಸ್ಟಾಪುಗಳಲ್ಲಿ ನಿಂತು, ತಾವು ಹಿಂದೆ ಹತ್ತಿಸಿಕೊಂಡಿದ್ದ ಮುಖಗಳನ್ನು ಹುಡುಕುತ್ತಿದ್ದರಂತೆ. ಗುರುತು ಸಿಕ್ಕವರೆಲ್ಲ ನೆಟ್ಟಗಿದ್ದರು. ಗುರುತು ಸಿಗದವರ ಲೆಕ್ಕ ಯಾರಿಗೆ ಗೊತ್ತು?

ಎರಡು ತಿಂಗಳಿಗೆ ಸಾಮಾನು ಬಂತು. ಎರಡು ಏರ್‌ಬ್ಯಾಗು, ಎರಡು ಬೆಲ್ಟು, ಬಕಲ್ಲುಗಳು, ಏರ್‌ಬ್ಯಾಗಿನ ಪೆಟ್ಟಿಗೆ ಎಲ್ಲವನ್ನೂ ಹೊಸದೇ ಹಾಕಿದೆವು. ಹಳೆಯದೊಂದು ತುಂಡೂ ಉಳಿಯಲಿಲ್ಲ. ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿ, ಆರಬೇಕಾದ ಹೊತ್ತಿಗೆ ಆರಿತು. ಸ್ಕ್ಯಾನರ್ ಹಾಕಿದರೆ ಒಂದು ದೋಷವೂ ಇಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಸುಡುಬಿಸಿಲಿನಲ್ಲಿ, ನಾನೊಬ್ಬನೇ ಭದ್ರಾವತಿಯವರೆಗೆ ಓಡಿಸಿ ನೋಡಲು ಹೊರಟೆ. ಹೋಗುವಾಗ ಏನೂ ಇಲ್ಲ. ಗಾಡಿ ಬೆಣ್ಣೆಯ ಹಾಗೆ ಹೋಯಿತು.

ಭದ್ರಾವತಿಯ ಹೊರಗೆ ಒಂದು ಬಸ್ ಸ್ಟಾಪಿನ ಹತ್ತಿರ ಗಾಡಿ ನಿಲ್ಲಿಸಿ ನೀರು ಕುಡಿದು, ವಾಪಸ್ ತಿರುಗಿಸಿ ಹೊರಟೆ. ನೂರು ಗಜ ಬಂದಿಲ್ಲ, ಬಜರ್ ಕೂಗತೊಡಗಿತು. ಪಕ್ಕದ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಕೊಂಡಿಲ್ಲ ಎಂಬ ಗುರುತು ಕೆಂಪಗೆ ಉರಿಯುತ್ತಿತ್ತು. ಸೀಟು ಖಾಲಿ. ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಸೀಟಿನ ಕೆಳಗಿನ ಪ್ಲಗ್ಗನ್ನು ಸರಿಯಾಗಿ ಕೂರಿಸಿಲ್ಲವೆಂದು ಸೆಲ್ವಂ ಅವರನ್ನು ಮನಸ್ಸಿನಲ್ಲೇ ಬೈದೆ. ಪಕ್ಕಕ್ಕೆ ನಿಲ್ಲಿಸಿ ಸೀಟನ್ನು ಗುದ್ದಿ ನೋಡಿದೆ, ಪ್ಲಗ್ ಒತ್ತಿ ನೋಡಿದೆ. ಕೂಗು ನಿಲ್ಲಲಿಲ್ಲ. ಗ್ಯಾರೇಜಿಗೆ ಹೋಗಿ ನೋಡಿದರಾಯಿತೆಂದು, ಎಲ್ಲರೂ ಮಾಡುವಂತೆ ಖಾಲಿ ಸೀಟಿಗೆ ಬೆಲ್ಟ್ ಎಳೆದು ಹಾಕಿದೆ. ಟಕ್ ಎಂದು ಕೂತಿತು. ಎಳೆದು ಕೂಡ ನೋಡಿದೆ. ಬಜರ್ ಬಾಯಿ ಮುಚ್ಚಿತು.

ನಾಲೆಯ ಸೇತುವೆ ಬಂತು, ಹೋಯಿತು. ಅಲ್ಲಿ ಏನೂ ಆಗಲಿಲ್ಲ, ಹೊಸದಾಗಿ ಕಟ್ಟಿದ ಕಟ್ಟೆಯನ್ನು ಒಮ್ಮೆ ನೋಡಿದೆ ಅಷ್ಟೇ. ಶಿವಮೊಗ್ಗ ಮುಟ್ಟಿ ಎಂ.ಆರ್.ಎಸ್. ಸರ್ಕಲ್ ಹತ್ತಿರ ಬರುವಾಗ ಮುಂದೆ ಸಿಟಿ ಬಸ್ಸೊಂದು ಸ್ಟಾಪಿನಲ್ಲಿ ನಿಂತಿತು, ನಾನೂ ಬ್ರೇಕ್ ಒತ್ತಿದೆ. ಆಗ ಪಕ್ಕದಲ್ಲಿ ಟಕ್ ಎಂದು ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಬೆಲ್ಟು ಸೀಟಿನ ಮೇಲಿಂದ ಸರಸರ ಸರಿದು ಕಂಬದೊಳಗೆ ಸುತ್ತಿಕೊಳ್ಳುತ್ತಿತ್ತು. ಯಾರೋ ಬಿಚ್ಚಿ, ಕೈಬಿಡದೆ, ನಿಧಾನವಾಗಿ ಒಳಗೆ ಬಿಟ್ಟ ಹಾಗೆ. ಬಾಗಿಲು ಮಾತ್ರ ತೆರೆಯಲಿಲ್ಲ. ಹಾಗೇನಾದರೂ ಆಗಿದ್ದರೆ ನಾನು ಗಾಡಿಯನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ.

ಬಜರ್ ಮತ್ತೆ ಕೂಗುತ್ತದೆಂದು ಕಾದೆ. ಕೂಗಲಿಲ್ಲ. ಇಡೀ ಪ್ರಸಂಗದಲ್ಲಿ ನಾನು ಹೆದರಿದ್ದು ಆಗಲೇ. ಬೆಲ್ಟ್ ಬಿಚ್ಚಿದೆ, ಬಜರ್ ಸುಮ್ಮನಿದೆ ಎಂದರೆ ಗಾಡಿಯ ಲೆಕ್ಕದಲ್ಲಿ ಅರ್ಥ ಒಂದೇ. ಸೀಟು ಈಗ ಖಾಲಿಯಾಯಿತು.

ಗ್ಯಾರೇಜಿನಲ್ಲಿ ಸೆಲ್ವಂ ಆ ಬಕಲ್ಲನ್ನು ಐವತ್ತು ಸಲ ಹಾಕಿ ಜಗ್ಗಿದರು. ಒಮ್ಮೆಯೂ ಜಾರಲಿಲ್ಲ. ಪ್ಲಗ್ ಸರಿಯಾಗಿಯೇ ಕೂತಿತ್ತು. ಸ್ಕ್ಯಾನರಿನಲ್ಲಿ ಏನೂ ಬರಲಿಲ್ಲ. ನನ್ನ ಸ್ಕ್ಯಾನರ್ ಚೀಲವನ್ನು ನಾನೇ ಮುಂದಿನ ಸೀಟಿನಲ್ಲಿ ಇಟ್ಟುಕೊಂಡಿದ್ದೆನೇ? ಅದರ ಭಾರಕ್ಕೇ ಕೂಗಿತೇ? ಹಿಂದಿನ ಸೀಟಿಗೆ ತಾವೇ ಇಟ್ಟಿದ್ದಾಗಿ ಸೆಲ್ವಂ ಹೇಳುತ್ತಾರೆ. ಇಳಿಯುವಾಗ ಅದು ಹಿಂದೆಯೇ ಇತ್ತು. ಆದರೂ ದಾರಿಯಲ್ಲಿ ನೀರಿನ ಬಾಟಲಿಗಾಗಿ ಚೀಲವನ್ನು ಎತ್ತಿದೆನೇ, ಎಲ್ಲಿಟ್ಟೆ ಎಂದು ನೆನಪಿಸಿಕೊಂಡಷ್ಟೂ ಎಲ್ಲ ಕಲಸಿಹೋಗುತ್ತದೆ. ಮೇಡಂ ಪಟ್ಟ ಪಾಡು ಏನೆಂದು ಅವತ್ತು ನನಗೆ ಅರ್ಥವಾಯಿತು.

ಗಾಡಿ ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದರು. ಪ್ಲಾಸ್ಟರ್ ತೆಗೆದಿದ್ದರು, ಮೇಡಂ ಅರ್ಧಕ್ಕರ್ಧ ಇಳಿದುಹೋಗಿದ್ದರು. ಕೀ ಕೊಡಲು ಹೋದರೆ ಕೈ ಚಾಚಲಿಲ್ಲ. "ಏನಾದ್ರೂ ಗೊತ್ತಾಯ್ತಾ?" ಎಂದರು. ಲೋಕೇಶಪ್ಪ ಹಿಂದೆ ನಿಂತು ಏನೂ ಹೇಳಬೇಡಿ ಎಂದು ಕಣ್ಸನ್ನೆ ಮಾಡುತ್ತಿದ್ದರು. ಒಮ್ಮೆ ಬಾಯಿಬಿಟ್ಟು ಇಷ್ಟೆಲ್ಲ ಮಾಡಿದವನು ನಾನು, ಸುಮ್ಮನಿರಬೇಕಿತ್ತು. ಆದರೆ ಆ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ಭದ್ರಾವತಿಯ ಬಸ್ ಸ್ಟಾಪಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಕ್ಕುಬಿಡುತ್ತಾರೆ, ಇಲ್ಲವೇ ಇನ್ನಷ್ಟು ಹೆದರುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮಕ್ಕಳ ಉತ್ತರವನ್ನು ಕೇಳಿಸಿಕೊಳ್ಳುವ ಹಾಗೆ ತಲೆ ಬಗ್ಗಿಸಿ ಕೇಳಿದರು.

"ಸೇತುವೆ ಹತ್ರ ಅಲ್ಲ ತಾನೆ?"

"ಅಲ್ಲ ಮೇಡಂ. ಸೇತುವೆ ದಾಟಿ, ಊರಿಗೆ ಬಂದ ಮೇಲೆ. ಎಂ.ಆರ್.ಎಸ್. ಸರ್ಕಲ್‌ನಲ್ಲಿ."

ಅವರು ಇನ್ನೊಂದೇ ಒಂದು ಪ್ರಶ್ನೆ ಕೇಳಿದರು. "ಇಳಿಯೋವಾಗ ಗಾಡಿ ಪೂರ್ತಿ ನಿಂತಿತ್ತಾ?"

"ಪೂರ್ತಿ ನಿಂತಿತ್ತು ಮೇಡಂ" ಎಂದೆ.

ಮೇಡಂ ಕೀ ಇಸಕೊಂಡರು. ಡ್ರೈವರ್ ಸೀಟಿನಲ್ಲಿ ತಾವೇ ಕೂತು, ಬೆಲ್ಟ್ ಹಾಕಿಕೊಂಡು, ಗಂಡನಿಗೂ ಹಾಕಿಕೊಳ್ಳಲು ಹೇಳಿ, ಕಾಂಪ್ಲೆಕ್ಸಿನ ಹೊಂಡಗಳನ್ನು ತಪ್ಪಿಸುತ್ತ ಹೊರಟುಹೋದರು. ಆ ವರ್ಷ ನಾಲೆಯ ನೀರು ನಿಲ್ಲಿಸಿದ ಮೇಲೂ ಅಲ್ಲಿ ಏನೂ ಸಿಗಲಿಲ್ಲ. ಅವರು ಇವತ್ತಿಗೂ ಭದ್ರಾವತಿಗೆ ಅದೇ ಕಾರಿನಲ್ಲಿ ಹೋಗಿ ಬರುತ್ತಾರೆ, ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುತ್ತಾರೆ. ಹೆಸರು ಮಾತ್ರ ಕೇಳಿಕೊಳ್ಳುತ್ತಾರಂತೆ.

ಇಷ್ಟೇ ನಡೆದದ್ದು. ಅವರು ನನ್ನನ್ನು ಕೊನೆಗೆ ಕೇಳಿದ್ದು ಒಂದು ಪ್ರಶ್ನೆ, ನಾನು ಗಟ್ಟಿಯಾಗಿ ಕೊಟ್ಟಿದ್ದು ಒಂದು ಉತ್ತರ. ಆ ಉತ್ತರವೇ ನನಗೆ ಖಚಿತವಿಲ್ಲ. ಬ್ರೇಕ್ ಒತ್ತಿದ್ದು ನಿಜ, ಬಸ್ ನಿಂತಿದ್ದು ನಿಜ. ಆದರೆ ಟಕ್ ಎಂದಾಗ ನನ್ನ ಗಾಡಿ ನಿಂತಿತ್ತೋ, ಇನ್ನೂ ಉರುಳುತ್ತಿತ್ತೋ, ದೇವರಾಣೆ ನೆನಪಿಲ್ಲ. ಈಗ ಅಪಘಾತದ ಯಾವ ಕಾರನ್ನು ಓಡಿಸಿ ನೋಡಲು ಹೋದರೂ ಸರ್ಕಲ್ಲಿನ ಆ ಸ್ಟಾಪಿನಲ್ಲಿ ಪೂರ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯುತ್ತೇನೆ. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ. ಬೈಯಲಿ ಎಂದು ಸುಮ್ಮನಿರುತ್ತೇನೆ.