ಗಾರ್ಡಿಯನ್ ಕೆಂಪಮ್ಮ

"ನಾನೇನು ಸತ್ತೋಗಿದ್ದೀನಾ, ಮೇಸ್ಟ್ರೆ?"

ಕಾಲೇಜಿನ ಆಫೀಸಿನಲ್ಲಿ, ಹತ್ತಾರು ಜನರ ಎದುರು, ಒಬ್ಬ ಹೆಂಗಸು ನನ್ನನ್ನು ಹೀಗೆ ಕೇಳಿದಳು. ಕೇಳಿದ ಧಾಟಿಗೆ ನಾನೇ ನೆಲದೊಳಕ್ಕೆ ಇಳಿದುಹೋಗಬಾರದೇ ಅನ್ನಿಸಿತು.

ನಡೆದದ್ದು ಕಳೆದ ಸೋಮವಾರ. ಯಲಿಯೂರಿನ ಕೆಂಪಮ್ಮನ ಮಗಳು ಜಯಮ್ಮ ಮಂಡ್ಯದ ಹೈಸ್ಕೂಲಿನಲ್ಲಿ ನನ್ನ ಶಿಷ್ಯೆ. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ಲೆಕ್ಕದಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದಳು. ತಂದೆ ತೀರಿಕೊಂಡು ಆರು ವರ್ಷವಾಯಿತು. ಮಗಳನ್ನು ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ಗೆ ಸೇರಿಸಲೇಬೇಕೆಂದು ತಾಯಿಯ ಹಟ. ಆಕೆಗೆ ಓದು ಬರದು. (ಮಗಳಿಂದ ರುಜು ಹಾಕುವುದನ್ನು ಮಾತ್ರ ಕಲಿತಿದ್ದಾಳೆ.) ಫಾರಂ ಇಂಗ್ಲಿಷಿನಲ್ಲಿ. ಅರ್ಜಿ ಕೊಡಲು ಅದೇ ಕಡೆಯ ದಿನ. ಹಾಗಾಗಿ ನಾನೂ ಹೊರಟೆ.

ರೈಲಿನ ತುಂಬ ಸೋಲ್ಜರುಗಳು. ಯುದ್ಧ ಶುರುವಾದ ಮೇಲೆ ನಮಗೆ ಕೂರಲು ಜಾಗ ಸಿಕ್ಕರೆ ಅದೇ ಹಬ್ಬ! ಯಲಿಯೂರಿನಲ್ಲಿ ತಾಯಿ ಮಗಳು ಹತ್ತಿದರು. ಮೊಣಕಾಲ ಮೇಲೆ ಫಾರಂ ಇಟ್ಟುಕೊಂಡು ಬರೆಯತೊಡಗಿದೆ. ತಾಯಿಯ ಉದ್ಯೋಗ? "ಇಲ್ಲ" ಎಂದು ಬರೆದೆ.

ಜಯಮ್ಮ ಬಗ್ಗಿ ನೋಡಿದಳು. "ಸಾರ್, ಅವ್ವ ಕಬ್ಬು ಬೆಳೀತಾಳೆ. ಫ್ಯಾಕ್ಟರಿಗೆ ಗಾಡಿನೂ ಅವಳೇ ಹೊಡೀತಾಳೆ."

ಹೊಡೆದು ಹಾಕಿ, "ಬೇಸಾಯ" ಎಂದು ತಿದ್ದಿದೆ. ಮೇಷ್ಟರ ಮೊದಲ ತಪ್ಪು.

ಕಾಲೇಜಿನಲ್ಲಿ ಗುಮಾಸ್ತರು ಫಾರಂ ಮೇಲೆ ಕಣ್ಣಾಡಿಸಿ, "ಗಾರ್ಡಿಯನ್ ಎಲ್ಲಿ?" ಎಂದರು.

"ನಾನೇಯ," ಎಂದಳು ಕೆಂಪಮ್ಮ.

"ಹಾಗಾಗೋಲ್ಲಮ್ಮ. ಮನೆಯ ಗಂಡಸರು ರುಜು ಹಾಕಬೇಕು. ಯಾರೂ ಇಲ್ಲವೇ?"

"ಮೈದ ಅವ್ನೆ. ಅವನ್ನ ಕೇಳುದ್ರೆ ಕಾಲೇಜು ಬ್ಯಾಡ, ಆಸಾಡ ಕಳೀತಿದ್ದಂಗೇ ಮದ್ವೆ ಮಾಡ್ಬುಡಾನ ಅಂತಾನೆ."

ಜಯಮ್ಮನ ಮುಖ ಸಣ್ಣದಾಯಿತು. ಊರಿಗೆ ಹೋಗಿ ಚಿಕ್ಕಪ್ಪನನ್ನು ಒಪ್ಪಿಸಿ ಕರೆತರಲು ಹೊತ್ತೆಲ್ಲಿದೆ? ಒಪ್ಪಿಸುವುದಂತೂ ದೂರದ ಮಾತು.

ನನ್ನೊಳಗಿನ ಪರೋಪಕಾರಿ ಎದ್ದು ನಿಂತ. (ಅವನು ಎದ್ದಾಗಲೆಲ್ಲ ನನಗೆ ಕಷ್ಟ.) "ನಾನೇ ಗಾರ್ಡಿಯನ್ ಅಂತ ರುಜು ಹಾಕ್ತೀನಿ, ಕೊಡಿ," ಎಂದು ಪೆನ್ನು ತೆಗೆದೆ. ಗುಮಾಸ್ತರಿಗೆ ಸಂತೋಷ. ಆಗಲೇ ಕೆಂಪಮ್ಮ ಆ ಪ್ರಶ್ನೆ ಕೇಳಿದ್ದು.

"ಎತ್ತೋಳು ನಾನು, ಸಾಕ್ದೋಳು ನಾನು. ಎಸ್ರು ಮಾತ್ರ ನಿಮ್ದಾ?"

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಆಕೆ ಗುಮಾಸ್ತರ ಕಡೆ ತಿರುಗಿದಳು. "ಗಂಡ್ಸೇ ಆಗ್ಬೇಕು ಅಂತ ಅದ್ರಲ್ಲಿ ಬರ್ದದಾ ಸ್ವಾಮಿ? ಓದಿ, ಕೇಳ್ತೀನಿ."

ಅವರು ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ಓದಿದರು. ಎಲ್ಲೂ ಇರಲಿಲ್ಲ. "ಇಲ್ಲ, ಆದರೆ ಅದು ರೂಢಿ," ಎಂದರು.

"ರೂಢಿ ಅಂತಾನಾರಾ ಬರ್ದದಾ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಗದ್ದಲಕ್ಕೆ ಪ್ರಿನ್ಸಿಪಾಲರೇ ಹೊರಗೆ ಬಂದರು. ವಿಷಯ ಕೇಳಿದರು, ಜಯಮ್ಮನ ಅಂಕಪಟ್ಟಿ ನೋಡಿದರು. ಮಸಿಕುಡಿಕೆಯನ್ನು ಕೆಂಪಮ್ಮನ ಮುಂದಕ್ಕೆ ಸರಿಸಿದರು.

ಸೆರಗಿಗೆ ಕೈ ಒರೆಸಿಕೊಂಡು ಆಕೆ ಬರೆಯಲು ಶುರುಮಾಡಿದಳು. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ. ಹಿಂದಿನ ಸಾಲು ಕಾಯಿತು. ಯಾರೂ ಗೊಣಗಲಿಲ್ಲ. ಕೊನೆಯ ಒತ್ತು ಗೆರೆ ದಾಟಿ ಕೆಳಗಿನ "ಆಫೀಸಿನ ಉಪಯೋಗಕ್ಕೆ" ಎಂಬ ಜಾಗಕ್ಕೂ ಹೊಕ್ಕಿತು. ಗುಮಾಸ್ತರು ಮುದ್ರೆ ಒತ್ತಿದರು. ಜಯಮ್ಮ ಗಣಿತವನ್ನೇ ಆಪ್ಷನಲ್ ವಿಷಯವಾಗಿ ಆರಿಸಿಕೊಂಡು ಸೇರಿದಳು.

ಹೊರಗೆ ಬಂದ ಮೇಲೆ ಕೆಂಪಮ್ಮ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬೋ ಎದ್ರಿಕೆ ಆಗಿತ್ತು ಕನ ಮೇಸ್ಟ್ರೆ," ಎಂದು ನಕ್ಕಳು. ಮಗಳು ಆ ಕೈಯನ್ನು ಸ್ಟೇಷನ್ ಸೇರುವವರೆಗೂ ಬಿಡಲಿಲ್ಲ.

ರಾತ್ರಿ ಊಟಕ್ಕೆ ಕೂತು ನನ್ನ ಹೆಂಡತಿಗೆ ಇದನ್ನೆಲ್ಲ ವರ್ಣಿಸಿದೆ. ನನ್ನ ಪಾತ್ರವನ್ನು ಸ್ವಲ್ಪ ಹಿಗ್ಗಿಸಿಯೇ ಹೇಳಿದೆ ಎನ್ನಿ. ಆಕೆ ಸೌಟು ಹಿಡಿದೇ ಕೇಳಿದಳು: "ನಮ್ಮ ಸರೋಜನ್ನ ಸ್ಕೂಲಿಗೆ ಸೇರಿಸಿದಾಗ ಫಾರಂ ನನಗೆ ತೋರಿಸಿದ್ರಾ?"

ಸಾರು ಬಹಳ ಚೆನ್ನಾಗಿದೆ ಎಂದೆ. ನೀವಾಗಿದ್ದರೆ ಏನೆನ್ನುತ್ತಿದ್ದಿರಿ?